ಅಪ್‌ಡೇಟ್: ಸೌದೆ ಕೊಟ್ಟಿಗೆಯ ಹಾವನ್ನು ಹಿಡಿಸಲಿಲ್ಲ

ಹೋದ ತಿಂಗಳು ಕೇಳಿದ್ದೆ, ಸಕಲೇಶಪುರದ ಹತ್ತಿರ ನಾವು ರಜೆಗೆ ಹೋಗುವ ಮನೆಯ ಸೌದೆ ಕೊಟ್ಟಿಗೆಯಲ್ಲಿ ಉದ್ದದ ಹಾವು ಸೇರಿಕೊಂಡಿದೆ, ಮಕ್ಕಳು ಓಡಾಡುವ ಜಾಗ, ಹಿಡಿಸಿ ಕಾಡಿಗೆ ಬಿಡಿಸಲಾ ಅಂತ. ಮೊದಲು ಯಾವ ಹಾವು ಅಂತ ನೋಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಅದು ಕೇರೆ ಹಾವು. ಶನಿವಾರ ಬೆಳಿಗ್ಗೆ ಬಿಸಿಲು ಕಾಯಿಸುತ್ತಾ ಮಲಗಿತ್ತು, ಜಗಲಿಯಿಂದಲೇ ಜೂಮ್ ಮಾಡಿ ಫೋಟೋ ತೆಗೆದೆ. ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಪೆನ್ನಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆಗಳು. ಊರಲ್ಲಿ ಹಾವು ಹಿಡಿಯುವ ಅಣ್ಣ ಫೋಟೋ ನೋಡಿ, ಇದಕ್ಕೆ ವಿಷ ಇಲ್ಲ, ಇಲಿಗೆ ಅಂತ ಬಂದಿದೆ, ಇದನ್ನು ಸಾಗಿಸಿದರೂ ಇಲಿ ಅಲ್ಲೇ ಇರುತ್ತಲ್ಲ, ಆಮೇಲೆ ನಾಗರ ಬಂದರೆ ಏನು ಮಾಡ್ತೀರಿ ಅಂತ ಕೇಳಿದರು. ನನಗೆ ಅದೇ ಸಾಕಾಯಿತು.

ಹಾಗಾಗಿ ಹಾವನ್ನು ಬಿಟ್ಟು ಇಲಿಯ ಕಡೆ ನೋಡಿದೆವು. ಕೋಳಿ ಕಾಳು ಮುಚ್ಚಳದ ಡ್ರಮ್ಮಿಗೆ ಹೋಯಿತು. ಸೌದೆಯನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಜೋಡಿಸಿದೆವು. ರಾಶಿಯೊಳಗೆ ಕೈ ಹಾಕಬಾರದು, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು ಅಂತ ಮಕ್ಕಳಿಗೆ ಹೇಳಿದ್ದೇವೆ, ನಾಗರ, ಕೊಳಕುಮಂಡಲ ಎರಡೂ ಇರುವ ಊರು ಅಲ್ವಾ.

ಅಮ್ಮನಿಗೆ ಇನ್ನೂ ಭಯ ಪೂರ್ತಿ ಹೋಗಿಲ್ಲ, ಅದು ಅರ್ಥವಾಗುತ್ತದೆ.

ಮೊನ್ನೆ ಪೊರೆ ಸಿಕ್ಕಿತು. ಕಣ್ಣಿನ ಮೇಲಿನ ಪಾರದರ್ಶಕ ಪದರ ಕೂಡ ಹಾಗೇ ಇತ್ತು. ಮಗಳು ಟೇಪ್ ಹಿಡಿದು ಅಳೆದಳು, ಆರೂವರೆ ಅಡಿ! ಪೊರೆ ಕಳಚುವಾಗ ಹಿಗ್ಗುತ್ತದೆ, ಹಾವು ಅಷ್ಟು ಉದ್ದ ಇರಲ್ಲ. ಈಗ ಅದು ಅವಳ ನೋಟ್‌ಬುಕ್ಕಿನಲ್ಲಿದೆ.