ದುಡಿಯುವ ನಾಯಕಿಗೆ ಪ್ರೀತಿ ಏಕೆ ದಕ್ಕುವುದಿಲ್ಲ?

ಪ್ರಶ್ನೆ:
1953ರ ಅಮೆರಿಕದ ವೆಲ್ಲೆಸ್ಲಿ ಮಹಿಳಾ ಕಾಲೇಜಿನಲ್ಲಿ ಆರಂಭವಾಗುವ ‘ಮೋನಾ ಲೀಸಾ ಸ್ಮೈಲ್’ (2003) ಚಿತ್ರದಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೀಟು ಸಿಕ್ಕಿದ್ದರೂ ವಿದ್ಯಾರ್ಥಿನಿ ಜೋನ್ ಮದುವೆಯನ್ನೇ ಆರಿಸಿಕೊಳ್ಳುತ್ತಾಳೆ. ಕಲೆಯ ಇತಿಹಾಸ ಕಲಿಸುವ ಕ್ಯಾಥರೀನ್ ಒಂಟಿಯಾಗಿ ಯುರೋಪಿಗೆ ಹೊರಡುತ್ತಾಳೆ. ಆ ಕಾಲದ ಹೆಣ್ಣಿಗೆ ವೃತ್ತಿ, ಪ್ರೀತಿ ಎರಡೂ ದಕ್ಕುವ ಚಿತ್ರವೇ ಇಲ್ಲವೇ?

ಉತ್ತರ 1:
ಇದೆ. 1961ರ ಆಸುಪಾಸಿನ ಕಥೆಯುಳ್ಳ ‘ಹಿಡನ್ ಫಿಗರ್ಸ್’ (2016) ನೋಡಿ. ನಾಸಾದ ಗಣಿತಜ್ಞೆ ಕ್ಯಾಥರೀನ್ ಮೂವರು ಹೆಣ್ಣುಮಕ್ಕಳ ವಿಧವೆ ತಾಯಿ. ಹೆಂಗಸರಿಗೆ ಇಂಥ ಹೊಣೆ ಕೊಡುತ್ತಾರೆಯೇ ಎಂದು ಅಚ್ಚರಿಪಟ್ಟ ಸೇನಾಧಿಕಾರಿ ಜಿಮ್‌ಗೆ ಆಕೆ ಅಲ್ಲೇ ತಕ್ಕ ಉತ್ತರ ಕೊಡುತ್ತಾಳೆ. ಆತ ಕ್ಷಮೆ ಕೇಳಿದ ನಂತರವೇ ಪ್ರೀತಿ ಚಿಗುರುತ್ತದೆ. (ವಾಸ್ತವದಲ್ಲಿ ಅವರ ಮದುವೆ 1959ರಲ್ಲೇ ಆಗಿತ್ತು.)

ಉತ್ತರ 2:
‘ಮೋನಾ ಲೀಸಾ ಸ್ಮೈಲ್’ನ ಕ್ಯಾಥರೀನ್ ವಾಟ್ಸನ್ ವೃತ್ತಿಗಾಗಿ ಪ್ರೀತಿಯನ್ನು ತೊರೆದಳೆಂಬುದು ಪೂರ್ತಿ ಸರಿಯಲ್ಲ. ಯುದ್ಧಕಾಲದಲ್ಲಿ ಇಟಲಿಯಲ್ಲಿದ್ದೆನೆಂದು ಆಕೆಯ ಪ್ರಿಯಕರ ಬಿಲ್ ಹೇಳಿದ್ದ ಸುಳ್ಳು ಬಯಲಾದದ್ದೇ ಆ ಸಂಬಂಧ ಮುರಿಯಲು ಕಾರಣ. ನನ್ನನ್ನು ಕಾಡಿದ್ದು ಜೋನ್‌ಳ ದೃಶ್ಯ: ಓದುತ್ತಲೇ ಸಂಜೆ ಐದಕ್ಕೆ ಮನೆಗೆ ಬಂದು ಅಡುಗೆ ಮಾಡಬಹುದೆಂದು ಗುರುವೇ ಕಾನೂನು ಕಾಲೇಜುಗಳ ಪಟ್ಟಿ ಹಿಡಿದು ಬಂದಾಗ, ಶಿಷ್ಯೆ ಅದನ್ನು ನಯವಾಗಿ ನಿರಾಕರಿಸುತ್ತಾಳೆ. ಅಡುಗೆ ಗಂಡನೂ ಮಾಡಬಹುದೆಂಬ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರುವುದಿಲ್ಲ!