ಮನೆ ಹಿಂದೆ ಸುರಂಗದ ಕೆರೆ, ಮನೆಯಲ್ಲಿ ಸಣ್ಣ ಮಕ್ಕಳು

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದಿಂದ): ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ನೀರು ನಿಲ್ಲುವ ಕೆರೆ ಉಂಟು. 12 ಅಡಿ ಉದ್ದ, 8 ಅಡಿ ಅಗಲ, ಬೇಸಗೆಯಲ್ಲಿ 3 ಅಡಿ ನೀರು, ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ದಂಡೆವರೆಗೆ ಬರುತ್ತದೆ. ಬದಿಗೆ ಮುರಕಲ್ಲು (ಕೆಂಪು ಕಲ್ಲು) ಕಟ್ಟಿದೆ. ಮೇಲಿನ ತೋಟದಲ್ಲಿ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಕೆರೆ ಬೇರೆ. ಮಕ್ಕಳಿಗೆ ಎರಡು ಮತ್ತು ನಾಲ್ಕು ವರ್ಷ. ಸದ್ಯಕ್ಕೆ ಸಣ್ಣ ಕೆರೆಗೆ ಹಸುರು ಶೇಡ್ ನೆಟ್ ಎಳೆದು ಕಟ್ಟಿದ್ದೇವೆ. ಅದು ಸಾಕಾ? ಕೆರೆ ಮುಚ್ಚಿಸಲು ಮನಸ್ಸಿಲ್ಲ, ತೋಟಕ್ಕೆ ಅದೇ ನೀರು.

ಉತ್ತರ (ಸಿವಿಲ್ ಎಂಜಿನಿಯರ್, ಬದಿಯಡ್ಕ): ಶೇಡ್ ನೆಟ್ ಇವತ್ತೇ ತೆಗೆಯಿರಿ. ಅದರ ಮೇಲೆ ತರಗೆಲೆ ಬಿದ್ದರೆ ಎರಡು ವರ್ಷದ ಮಗುವಿಗೆ ಅದು ನೆಲದ ಹಾಗೇ ಕಾಣುತ್ತದೆ. ಕಾಲಿಟ್ಟ ಕೂಡಲೇ ನೆಟ್ ಜೋತುಬಿದ್ದು ಮಗುವನ್ನು ಸುತ್ತಿಕೊಳ್ಳುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದೂ ಇಲ್ಲ. ತೆರೆದ ಕೆರೆಗಿಂತ ಅದು ಕೆಟ್ಟದು. ಕೆರೆಯ ಮೇಲೆ ಗ್ರಿಲ್ ಕೂರುವವರೆಗೆ ಅಡುಗೆಮನೆ ಬಾಗಿಲಿಗೆ ಮೇಲಿನಿಂದ ಚಿಲಕ ಹಾಕಿ, ಕೆರೆಯ ಸುತ್ತ ತಾತ್ಕಾಲಿಕ ಬೇಲಿ ಕಟ್ಟಿ.

ಈ ಅಳತೆಯ ಕೆರೆಗೆ ಬೇಲಿಗಿಂತ ಕಬ್ಬಿಣದ ಗ್ರಿಲ್ಲೇ ಒಳ್ಳೆಯದು. ಸುಮಾರು 4×8 ಅಡಿಯ ಮೂರು ಪಟ್ಟಿ ಮಾಡಿಸಿ, ಹೊರ ಅಂಚುಗಳು ಕಲ್ಲಿನ ಮೇಲೆ ಕೂರುವಷ್ಟು ಅಳತೆ ಹೆಚ್ಚಿರಲಿ. ಪಟ್ಟಿಗಳು ಸೇರುವ ಎರಡು ಜಾಗದಲ್ಲಿ ಕೆಳಗಡೆ 50×50 ಮಿ.ಮೀ. ಚೌಕ ಪೈಪಿನ ತೊಲೆ ಬೇಕು, ಪೈಪಿನ ದಪ್ಪ 3 ಮಿ.ಮೀ. ಪ್ರತಿ ಬದಿ ಕಲ್ಲಿನ ಮೇಲೆ ಅರ್ಧ ಅಡಿ ಕೂರಲಿ, ಅಂದರೆ ತೊಲೆ 9 ಅಡಿ. ಪಟ್ಟಿಯ ಚೌಕಟ್ಟಿಗೆ 40×40×5 ಆಂಗಲ್. 10 ಮಿ.ಮೀ. ಸರಳುಗಳನ್ನು 4 ಅಡಿಯ ಅಡ್ಡಕ್ಕೆ ಹಾಕಿ, ಉದ್ದಕ್ಕೆ ಹಾಕಿದರೆ ನಡುವೆ ಬಾಗುತ್ತವೆ. ನಡುವೆ 4 ಇಂಚು ಅಂತರ. ಮೇಲೆ 2 ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕೇ ಬೇಕು, ಇಲ್ಲದಿದ್ದರೆ ಮಗುವಿನ ಕಾಲು ಸರಳುಗಳ ನಡುವೆ ಇಳಿಯುತ್ತದೆ. ಒಂದು ಪಟ್ಟಿ ಸುಮಾರು 50 ಕಿಲೋ ಆಗುತ್ತದೆ, ಆದರೆ ಭಾರವನ್ನು ನಂಬಿ ಬಿಡಬೇಡಿ. ಎರಡು ಪಟ್ಟಿಯನ್ನು 12 ಮಿ.ಮೀ. ಆಂಕರ್ ಬೋಲ್ಟಿನಿಂದ ಬಿಗಿಯಿರಿ, ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ತೆಗೆಯುವ ಬದಿಯದ್ದಕ್ಕೆ ಮಾತ್ರ ಹಿಂಜ್ ಮತ್ತು ಬೀಗ.

ಹೆಚ್ಚಿನವರು ತಪ್ಪುವುದು ಎತ್ತರದಲ್ಲಿ. ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ. ಬೇಸಗೆಯ ನೀರು ನೋಡಿ ಗ್ರಿಲ್ ಕೂರಿಸಿದರೆ ಜುಲೈಯಲ್ಲಿ ಅದು ಮುಳುಗುತ್ತದೆ. ಗ್ರಿಲ್ಲಿನ ಮೇಲೆ ಮೂರು ಇಂಚು ನೀರು ನಿಂತರೂ ಕವುಚಿ ಬಿದ್ದ ಮಗು ಉಳಿಯುವುದು ಕಷ್ಟ. ನಿಮ್ಮದು ದಂಡೆಗೆ ಬರುವ ನೀರಾದ್ದರಿಂದ ಮುರಕಲ್ಲು ಒಂದೆರಡು ವರಸೆ ಏರಿಸಿ. ಹಳೇ ದಂಡೆಯ ಮಟ್ಟದಲ್ಲೇ ಹೆಚ್ಚಾದ ನೀರು ಹೊರಹೋಗಲು 4 ಇಂಚು ಪೈಪಿನ ತೂಬು ಇಡಿ. ಅತಿ ಹೆಚ್ಚಿನ ನೀರಿಗಿಂತ ಅರ್ಧ ಅಡಿಯಾದರೂ ಮೇಲೆ ಗ್ರಿಲ್ ಇರಬೇಕು. ತೂಬಿನ ಬಾಯಿಗೆ ಜಾಲರಿ ಹಾಕಿ, ಎಲೆ ಕಟ್ಟಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ.

ತುಕ್ಕು ಮೊದಲು ಹಿಡಿಯುವುದು ವೆಲ್ಡಿಂಗ್ ಜಾಗಕ್ಕೆ. ಜಿಂಕ್ ಪ್ರೈಮರ್ ಮೇಲೆ ಎರಡು ಕೋಟ್ ಪೇಂಟ್ ಕೊಡಿ. ಪ್ರತಿ ಮೇ ತಿಂಗಳಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ.

ಪ್ರಶ್ನೆ (ಅದೇ ಮನೆಯವರು): ಸಿಲ್ಪಾಲಿನ್ ಕೆರೆಗೆ ಗ್ರಿಲ್ ಆಗುವುದಿಲ್ಲವಲ್ಲ ಸರ್? ಅಡಕೆ ಸಲಾಕೆಯ (ಮರ ಸೀಳಿದ ಪಟ್ಟಿಯ) ಬೇಲಿ ಸಾಕಾ?

ಉತ್ತರ (ಎಂಜಿನಿಯರ್): ನಿಜವಾಗಿ ಹೆದರಬೇಕಾದ್ದು ಆ ಕೆರೆಗೇ. ಒದ್ದೆ ಪ್ಲಾಸ್ಟಿಕ್, ಮೇಲೆ ಪಾಚಿ, ಇಳಿಜಾರು: ಈಜು ಬಲ್ಲ ದೊಡ್ಡವರಿಗೂ ಹತ್ತಲು ಬರುವುದಿಲ್ಲ. ಹಾಗಾಗಿ ಒಳಗೆ ಹೋಗದಂತೆ ತಡೆಯುವುದು ಮಾತ್ರವಲ್ಲ, ಬಿದ್ದವರು ಹತ್ತುವ ದಾರಿಯೂ ಬೇಕು. 16 ಮಿ.ಮೀ. ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ನಾಲ್ಕೂ ಬದಿಯಲ್ಲಿ ತಳದವರೆಗೆ ಇಳಿಬಿಡಿ, ಮೇಲ್ತುದಿಯನ್ನು ಕಾಂಕ್ರೀಟಿನಲ್ಲಿ ಹುಗಿದ ಗೂಟಕ್ಕೆ ಕಟ್ಟಿ. ಇದು ಸಣ್ಣ ಮಗುವಿಗೆ ಉಪಯೋಗಕ್ಕೆ ಬಾರದು. ಅದನ್ನು ಎತ್ತಲು ಇಳಿದವರಿಗೆ ಬೇಕು.

ಸಲಾಕೆ ಬೇಲಿ ಒಂದು ಮಳೆಗಾಲಕ್ಕೆ ಆದೀತು, ಆಮೇಲೆ ಬುಡ ಗೆದ್ದಲಿಗೆ. ಕಾಯಂ ಬೇಲಿ 4 ಅಡಿಗಿಂತ ಕಡಿಮೆ ಬೇಡ, 5 ಅಡಿ ಇದ್ದರೆ ಒಳ್ಳೆಯದು. 2 ಅಥವಾ 3 ಇಂಚು ಕಣ್ಣಿನ ಚೈನ್‌ಲಿಂಕ್ ನಾಲ್ಕು ವರ್ಷದ ಮಗುವಿಗೆ ಏಣಿಯೇ, 1 ಇಂಚಿನದ್ದು ಕೇಳಿ. ಅಡ್ಡಪಟ್ಟಿಗಳು ಕೆರೆಯ ಬದಿಗಿರಲಿ, ಅಂಗಳದ ಕಡೆಗೆ ಕಾಲಿಡಲು ಏನೂ ಸಿಗಬಾರದು. ಕಂಬಗಳ ನಡುವೆ 8 ಅಡಿ, ಬುಡ 2 ಅಡಿ ಕಾಂಕ್ರೀಟಿನಲ್ಲಿ. ಮಳೆಗೆ ಮಣ್ಣು ಕೊಚ್ಚಿಹೋಗಿ ಅಡಿಯಲ್ಲಿ ಸಂದು ಬೀಳುತ್ತದೆ, ಅಲ್ಲಿ ಮುರಕಲ್ಲಿನ ಒಂದು ಸಾಲು ಇಡಿ. ಬೇಲಿಗೆ ತಾಗಿ ಕಟ್ಟಿಗೆ ರಾಶಿ, ತೆಂಗಿನಕಾಯಿ ರಾಶಿ ಹಾಕಬೇಡಿ.

ಗೇಟು ಕೆರೆಯಿಂದ ಹೊರಕ್ಕೆ ತೆರೆಯಲಿ, ಸ್ಪ್ರಿಂಗ್ ಹಿಂಜ್ ಇರಲಿ, ಬೇಲಿ ತಗ್ಗಿದ್ದರೂ ಗೇಟು 5 ಅಡಿ ಇರಲಿ, ಚಿಲಕ ಅದರ ಮೇಲ್ತುದಿಯಲ್ಲಿ. ಎಷ್ಟು ಒಳ್ಳೆ ಗೇಟಾದರೂ ಕೆಲಸದವರು ಕಲ್ಲು ಕೊಟ್ಟು ತೆರೆದಿಡುತ್ತಾರೆ, ಬೈದು ಪ್ರಯೋಜನವಿಲ್ಲ. ಪಂಪಿನ ಸ್ವಿಚ್ಚು, ಗೇಟ್‌ವಾಲ್ವ್ ಎರಡನ್ನೂ ಬೇಲಿಯ ಹೊರಗೆ ತನ್ನಿ, ಆಗ ಗೇಟು ತೆರೆಯುವ ಸಂದರ್ಭವೇ ಕಡಿಮೆ. ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕಿಸಿ.

ಪ್ರಶ್ನೆ (ಮಂಜೇಶ್ವರದಿಂದ): ಡಾಕ್ಟ್ರೇ, ಮಗು ನೀರಿಗೆ ಬಿದ್ದರೆ ಕಾಲು ಹಿಡಿದು ತಿರುಗಿಸಿ ನೀರು ತೆಗೆಯಬೇಕು ಎನ್ನುತ್ತಾರೆ. ಸರಿಯಾ?

ಉತ್ತರ (ಮಕ್ಕಳ ವೈದ್ಯೆ, ಕಾಸರಗೋಡು): ಬೇಡವೇ ಬೇಡ. ತಿರುಗಿಸುವುದು, ಹೊಟ್ಟೆ ಒತ್ತುವುದು ಎರಡರಿಂದಲೂ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮಗುವಿಗೆ ಬೇಕಾದದ್ದು ಉಸಿರು.

ಗಟ್ಟಿ ನೆಲದಲ್ಲಿ ಮಲಗಿಸಿ. ಉಸಿರಾಟ ಇಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಮಾಡಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿ ಕೊಟ್ಟು ಐದು ಸಲ ಊದಿ. ಎದೆ ಏಳುವುದು ಕಾಣಬೇಕು. ವರ್ಷದೊಳಗಿನ ಮಗುವಾದರೆ ಮೂಗು, ಬಾಯಿ ಎರಡೂ ಸೇರಿಸಿ ಊದಿ. ಮತ್ತೂ ಚಲನೆ ಇಲ್ಲದಿದ್ದರೆ ಎದೆಯ ನಡುಮೂಳೆಯ ಕೆಳ ಅರ್ಧಭಾಗವನ್ನು ಎದೆಯ ಮೂರನೇ ಒಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿ 2 ಸಲ ಊದಿ, ನಿಲ್ಲಿಸಬೇಡಿ. ಜೊತೆಗೆ ಇನ್ನೊಬ್ಬರಿದ್ದರೆ ಅವರು 108ಕ್ಕೆ ಫೋನ್ ಮಾಡಲಿ. ಒಬ್ಬರೇ ಇದ್ದರೆ ಒಂದು ನಿಮಿಷ ಇದನ್ನು ಮಾಡಿ ಆಮೇಲೆ ಫೋನ್, ಸ್ಪೀಕರಿನಲ್ಲಿಟ್ಟು ಒತ್ತುವುದನ್ನು ಮುಂದುವರಿಸಿ.

ನೀರಿನಲ್ಲಿ ಮುಳುಗಿ ಕೆಮ್ಮುತ್ತಿರುವ ಅಥವಾ ಮಂಕಾದ ಮಗು ಅತ್ತು ಸುಧಾರಿಸಿದರೂ ಆಸ್ಪತ್ರೆಗೆ ಕರೆತನ್ನಿ. ಉಸಿರಿನ ತೊಂದರೆ ಕೆಲವು ಗಂಟೆ ಕಳೆದು ಹೆಚ್ಚಾಗುವುದುಂಟು. ಮುಳುಗುವ ಮಗು ಬೊಬ್ಬೆ ಹಾಕುವುದಿಲ್ಲ, ‘ಶಬ್ದ ಬಂದರೆ ಓಡುತ್ತೇವೆ’ ಎಂಬ ಲೆಕ್ಕ ಬೇಡ.

ಪ್ರಶ್ನೆ (ಮುಳ್ಳೇರಿಯದಿಂದ): ಕೆರೆ ಇಲ್ಲದ ಮನೆಗೆ ಇದೆಲ್ಲ ಬೇಡ ಅಲ್ವಾ?

ಉತ್ತರ (ಎಂಜಿನಿಯರ್): ಗೋಬರ್ ಗ್ಯಾಸ್ ಉಂಟಾ? ಸ್ಲರಿ ಗುಂಡಿಯ ಮೇಲೆ ಕೆನೆಗಟ್ಟಿ ಒಣಗಿದಾಗ ಅಂಗಳದ ಹಾಗೇ ಕಾಣುತ್ತದೆ. ಅದಕ್ಕೂ ಇದೇ ಗ್ರಿಲ್, ಇಲ್ಲವೇ ಕಾಂಕ್ರೀಟ್ ಸ್ಲ್ಯಾಬು. ಅಡಕೆಗೆ ಬೋರ್ಡೋ ಮದ್ದು ಸಿಂಪಡಿಸುವ ಡ್ರಮ್ಮುಗಳನ್ನು ಕೆಲಸ ಮುಗಿದ ದಿನವೇ ಕವುಚಿ ಹಾಕಿ, ಮಳೆನೀರು ತುಂಬಿ ನಿಲ್ಲುವುದು ಅದರಲ್ಲೇ. ಬಚ್ಚಲಿನ ಬಕೆಟ್, ದನ ಕುಡಿಯುವ ತೊಟ್ಟಿ ಕೂಡ. ಕೆರೆ ಇರುವವರು 12 ಅಡಿಯ ಬಿದಿರಿನ ಕೋಲು, ಮುಚ್ಚಳ ಬಿಗಿದ 20 ಲೀಟರ್ ಖಾಲಿ ಕ್ಯಾನಿಗೆ 15 ಮೀಟರ್ ಹಗ್ಗ ಕಟ್ಟಿ ಬೇಲಿಯ ಹೊರಗೆ ತೂಗುಹಾಕಿ. ಅಡಕೆ ಕೊಯ್ಲಿನ ಅಲ್ಯೂಮಿನಿಯಂ ದೋಟಿ ಇದಕ್ಕೆ ಬೇಡ, ಪಂಪಿನ ತಂತಿ ಹತ್ತಿರವೇ ಇರುತ್ತದೆ.