‘ರೆಸಲ್ಯೂಷನ್ ಬ್ಯಾಂಡ್‌ವಿಡ್ತ್’ಗೆ ಜರಡಿಯ ಕಣ್ಣು ಆದೀತೇ?

ಶಿವಮೊಗ್ಗದಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಹುಡುಗರಿಗೆ ಲ್ಯಾಬ್ ಮಾಡಿಸುವವನು ನಾನು. ಸಿಗ್ನಲಿನಲ್ಲಿ ಯಾವ ಯಾವ ಆವೃತ್ತಿ (ಫ್ರೀಕ್ವೆನ್ಸಿ) ಎಷ್ಟೆಷ್ಟು ಬಲವಾಗಿದೆ ಅಂತ ಪರದೆಯ ಮೇಲೆ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಬಳಸುವ ಬಗೆಯನ್ನು ಕನ್ನಡದಲ್ಲೇ ನಾಲ್ಕು ಪುಟ ಬರೆದುಕೊಡೋಣ ಅಂತ ಕೂತವನು ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ.

ಯಂತ್ರದ ಹೆಸರಿನಲ್ಲೇ ಮೊದಲ ತೊಡಕು. ಪಠ್ಯಪುಸ್ತಕಗಳಲ್ಲಿ ಸ್ಪೆಕ್ಟ್ರಮ್ ಅಂದರೆ ರೋಹಿತ. ‘ರೋಹಿತ ವಿಶ್ಲೇಷಕ’ ಅಂತ ಬೋರ್ಡಿನ ಮೇಲೆ ಬರೆದೆ. “ಸರ್, ರೋಹಿತ ಇವತ್ತು ಬಂದಿಲ್ಲ” ಅಂತ ಹಿಂದಿನ ಬೆಂಚಿನಿಂದ ದನಿ ಬಂತು. ಪತ್ರಿಕೆಯವರಿಗೆ 2ಜಿ ಕಾಲದಿಂದಲೂ ಸ್ಪೆಕ್ಟ್ರಮ್ ಅಂದರೆ ತರಂಗಾಂತರ. ಆದರೆ ಅಲೆಯಿಂದ ಅಲೆಗಿರುವ ದೂರವಲ್ಲವೇ ತರಂಗಾಂತರ? ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 675 ಕಿಲೋಹರ್ಟ್ಸ್, ಅದರ ತರಂಗಾಂತರ ಸುಮಾರು 444 ಮೀಟರ್. ಎರಡಕ್ಕೂ ಒಂದೇ ಪದ ಕಟ್ಟಿದರೆ ಹುಡುಗರು ಮೀಟರಿನಲ್ಲಿ ಉತ್ತರ ಬರೆದು ತರುತ್ತಾರೆ. ಹಾಗಾಗಿ ಸ್ಪೆಕ್ಟ್ರಮ್ ಅನಲೈಸರ್ ಅಂತಲೇ ಬಿಟ್ಟೆ, ಅದರಲ್ಲಿ ನನಗೇನೂ ಸಂಕೋಚವಿಲ್ಲ.

ಪರದೆಯಲ್ಲಿ ಕಾಣುವ ಆವೃತ್ತಿಗಳ ವ್ಯಾಪ್ತಿ, ಅಂದರೆ ಸ್ಪ್ಯಾನ್‌ಗೆ ಹರವು, ಮಾರ್ಕರ್‌ಗೆ ಗುರುತು, ಸೆಂಟರ್ ಫ್ರೀಕ್ವೆನ್ಸಿಗೆ ನಡು ಆವೃತ್ತಿ. ಇವು ಹೆಚ್ಚು ಕಾಡಲಿಲ್ಲ. ಸ್ವೀಪ್‌ಗೆ ‘ಸವರು’ ಅಂತ ಹಾಕಿದ್ದೇನೆ. ನಮ್ಮ ಕಡೆ ಸವರುವುದು ಅಂದರೆ ಕತ್ತಿ ಹಿಡಿದು ಬೇಲಿ ಸವರುವುದೂ ಹೌದು. ಪರದೆಯ ಎಡದಿಂದ ಬಲಕ್ಕೆ ಗೆರೆ ಹೋಗುವುದನ್ನು ನೋಡಿದರೆ ಅದೇನೂ ತಪ್ಪಲ್ಲ ಅನ್ನಿಸುತ್ತದೆ. ಪರದೆಯ ತಳದಲ್ಲಿ ಸದಾ ಕುಣಿಯುವ ನಾಯ್ಸ್ ಫ್ಲೋರ್‌ಗೆ ‘ಗದ್ದಲದ ತಳ’ ಅಂತ ಬರೆದಿದ್ದೆ. ನಮ್ಮ ಅಟೆಂಡರ್ ಮಾತ್ರ ಅದನ್ನು ‘ಹುಲ್ಲು’ ಅನ್ನುತ್ತಾರೆ: “ಹುಲ್ಲು ಜಾಸ್ತಿ ಆಯ್ತು ನೋಡಿ ಸರ್.” ರೇಡಾರಿನವರು ಇಂಗ್ಲಿಷಿನಲ್ಲೂ ಹುಲ್ಲು ಅಂತಲೇ ಹೇಳುತ್ತಾರೆ. ಅದು ಇವರಿಗೆ ಗೊತ್ತಿಲ್ಲ, ಕಂಡದ್ದನ್ನು ಹೇಳಿದರು ಅಷ್ಟೇ. ನಾನು ಗದ್ದಲ ಹೊಡೆದು ಹುಲ್ಲು ಬರೆದೆ.

ಸಿಕ್ಕಿಕೊಂಡದ್ದು ರೆಸಲ್ಯೂಷನ್ ಬ್ಯಾಂಡ್‌ವಿಡ್ತ್‌ನಲ್ಲಿ (ಆರ್‌ಬಿಡಬ್ಲ್ಯೂ). ಆವೃತ್ತಿಗಳನ್ನು ಬೇರ್ಪಡಿಸಿ ನೋಡಲು ಯಂತ್ರದೊಳಗಿರುವ ಫಿಲ್ಟರಿನ ಅಗಲ ಅದು, ಹರ್ಟ್ಸ್‌ನಲ್ಲಿ. ಭೌತಶಾಸ್ತ್ರದ ಪುಸ್ತಕದ ಜಾಡಿನಲ್ಲಿ ಹೋದರೆ ‘ಪೃಥಕ್ಕರಣ ಪಟ್ಟಿಯಗಲ’ ಆಗುತ್ತದೆ. ಒಂದೇ ಉಸಿರಿಗೆ ಹೇಳಬಹುದು, ಆದರೆ ಕೇಳಿದವನ ಕಣ್ಣ ಮುಂದೆ ಏನೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಬೇರೆ ಇದೆ. ಕಳೆದ ವಾರ ಸಿಗ್ನಲ್ ಜನರೇಟರಿನಲ್ಲಿ 675 ಕಿಲೋಹರ್ಟ್ಸ್ ವಾಹಕ (ಕ್ಯಾರಿಯರ್) ಇಟ್ಟು, ಅದರ ಮೇಲೆ 1 ಕಿಲೋಹರ್ಟ್ಸ್ ನಾದ ಶೇಕಡಾ 50ರಷ್ಟು ಹೇರಿದ್ದೆವು. ಹರವು 20 ಕಿಲೋಹರ್ಟ್ಸ್, ಆರ್‌ಬಿಡಬ್ಲ್ಯೂ 3 ಕಿಲೋಹರ್ಟ್ಸ್. ಮೂರು ಗೆರೆ ಕಾಣಬೇಕಿತ್ತು, ಪರದೆಯ ಮೇಲೆ ಒಂದೇ ಗುಡ್ಡ. “ರೆಸಲ್ಯೂಷನ್ ಜಾಸ್ತಿ ಮಾಡೋ” ಅಂದೆ. ಹುಡುಗ ವಿಧೇಯನಾಗಿ 3 ಇದ್ದದ್ದನ್ನು 10 ಮಾಡಿದ. ಗುಡ್ಡ ಇನ್ನೂ ಬೊಜ್ಜಾಗಿ ಕೂತಿತು. ತಪ್ಪು ಅವನದಲ್ಲ. ಇಲ್ಲಿ ಸ್ಪಷ್ಟತೆ ಹೆಚ್ಚಬೇಕಾದರೆ ಅಂಕಿ ಇಳಿಯಬೇಕು, ನನ್ನ ಮಾತು ಅವನನ್ನು ಉಲ್ಟಾ ದಿಕ್ಕಿಗೆ ಕಳಿಸಿತ್ತು.

ಅಂಕಿಯನ್ನು 100 ಹರ್ಟ್ಸ್‌ಗೆ ಇಳಿಸಿದೆವು. ಗುಡ್ಡ ಒಡೆದು ಮೂರು ಸೂಜಿಯಾಯಿತು: ನಡುವೆ 675, ಅಕ್ಕಪಕ್ಕ 674 ಮತ್ತು 676, ಪಕ್ಕದವೆರಡೂ ನಡುವಿನದಕ್ಕಿಂತ 12 ಡೆಸಿಬೆಲ್ ಕೆಳಗೆ. ಹುಲ್ಲೂ ತಗ್ಗಿತು. ಆದರೆ ಗೆರೆ ಒಂದು ಸಲ ಸವರಿ ಮುಗಿಸುವುದಕ್ಕೆ ಐದಾರು ಸೆಕೆಂಡು ತೆಗೆದುಕೊಂಡಿತು.

ಆಗ ನನ್ನ ಬಾಯಿಗೆ ತಾನಾಗಿ ಬಂದದ್ದು “ಕಣ್ಣು ಸಣ್ಣ ಮಾಡಿದ್ದಕ್ಕೆ ಹೊತ್ತು ಹಿಡೀತು” ಅನ್ನುವ ಮಾತು. ಜರಡಿಯ ಕಣ್ಣು. ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವವರಿಗೆಲ್ಲ ಗೊತ್ತಿರುವ ಲೆಕ್ಕ ಇದು: ಕಣ್ಣು ಸಣ್ಣದಾದಷ್ಟೂ ನಯ, ಸಣ್ಣದಾದಷ್ಟೂ ನಿಧಾನ. ಸವರುವ ಮಾದರಿಯ ಯಂತ್ರದಲ್ಲಿ ಕಣ್ಣನ್ನು ಹತ್ತು ಪಾಲು ಕಿರಿದು ಮಾಡಿದರೆ ಹುಲ್ಲು 10 ಡೆಸಿಬೆಲ್ ಇಳಿಯುತ್ತದೆ, ಅದೇ ಹರವಿಗೆ ಹೊತ್ತು ನೂರು ಪಟ್ಟಾಗುತ್ತದೆ. ಪದ ‘ಕಣ್ಣಗಲ’ ಅಂತ ಇಟ್ಟುಕೊಂಡರೆ “ಕಣ್ಣಗಲ ಇಳಿಸು” ಅನ್ನಬಹುದು, ಅಂಕಿಯೂ ಇಳಿಯುತ್ತದೆ, ಗೊಂದಲವಿಲ್ಲ. ದೂರದ್ದನ್ನು ಗುರುತು ಹಿಡಿಯಲು ನಾವು ಕಣ್ಣು ಕಿರಿದು ಮಾಡುವುದೂ ಉಂಟಲ್ಲ!

ಸ್ಟಾಫ್ ರೂಮಿನಲ್ಲಿ ಇದಕ್ಕೆ ಆಕ್ಷೇಪ ಬಂದಿದೆ. ತೀರ್ಥಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರ ವಾದ ಹೀಗೆ: “ಜರಡಿಗೆ ಸಾವಿರ ಕಣ್ಣು ಮಾರಾಯ್ರೆ. ಇಲ್ಲಿರೋದು ಒಂದೇ ಫಿಲ್ಟರು, ಅದು ಆವೃತ್ತಿಯ ಉದ್ದಕ್ಕೂ ಜರುಗ್ತಾ ಹೋಗುತ್ತೆ. ಅದು ಕಿಂಡಿ.” ಯಂತ್ರದ ಒಳಗೆ ನಡೆಯುವುದನ್ನು ನೋಡಿದರೆ ಅವರ ಮಾತೇ ಸರಿ. ಸ್ಪೆಕ್ಟ್ರೋಮೀಟರಿನ ಸ್ಲಿಟ್ಟಿಗೂ ಪಾಠದಲ್ಲಿ ನಾವು ಕಿಂಡಿ ಅನ್ನುತ್ತೇವೆ. ಆದರೆ ಕಿಂಡಿ ಕಿರಿದಾದರೆ ಹೊರಗಿನದು ಕಡಿಮೆ ಕಾಣುತ್ತದೆ ಅನ್ನುವುದು ಮನೆಯ ಅನುಭವ, ಹುಡುಗರು ಮತ್ತೆ ಅಂಕಿ ಏರಿಸಿಯಾರು ಎಂಬ ಹೆದರಿಕೆ ನನ್ನದು. ‘ಕಣ್ಣಗಲ’ ಅಂದರೆ ‘ಕಣ್ಣರಳಿಸಿ’ ಅನ್ನುವ ಅರ್ಥ ಯಾರಿಗಾದರೂ ಹೊಳೆದೀತೇ ಎಂಬ ಅನುಮಾನವೂ ಇದೆ.

ಹಾಗಾಗಿ ಎರಡು ಪ್ರಶ್ನೆ. ಹರ್ಟ್ಸ್‌ನಲ್ಲಿ ಅಳೆಯುವ ಗುಣಕ್ಕೆ ಕಣ್ಣು, ಕಿಂಡಿ, ಇವೆರಡರಲ್ಲಿ ನಿಮ್ಮ ಕಿವಿಗೆ ಯಾವುದು ಒಪ್ಪುತ್ತದೆ? ಇನ್ನೊಂದು, ತುಂಗೆಯಲ್ಲೋ ಶರಾವತಿ ಹಿನ್ನೀರಿನಲ್ಲೋ ಬಲೆ ಬೀಸುವವರಲ್ಲಿ, ಇಲ್ಲವೇ ಜರಡಿ ಕಟ್ಟುವವರಲ್ಲಿ, ಕಣ್ಣಿನ ಅಳತೆಗೆಂದೇ ಬೇರೆ ಪದವಿದೆಯೇ? ಇದ್ದರೆ ನಾನು ಹೊಸದಾಗಿ ಕಟ್ಟಿದ್ದನ್ನು ಹೊಡೆದು ಅದನ್ನೇ ಬರೆಯುತ್ತೇನೆ.